ಸಾವಯವ ಉಪ್ಪಿನ ಮಹಾತ್ಮೆ

ನಮ್ಮ ಬಡಾವಣೆಗೆ ಹೊಸದಾಗಿ ಒಂದು ಸಾವಯವ ಅಂಗಡಿ ಬಂದಿದೆ. ಅಂಗಡಿ ಎನ್ನುವುದಕ್ಕಿಂತ ಗುಡಿ ಎಂದರೆ ಸರಿ: ಮಂದ ಬೆಳಕು, ಸೆಣಬಿನ ತೋರಣ, ದನಿ ತಗ್ಗಿಸಿ ಮಾತನಾಡುವ ಭಕ್ತರು. ಮೊನ್ನೆ ಅಲ್ಲಿ ‘ಸಾವಯವ ಉಪ್ಪು’ ಕಂಡೆ. ಸಾಣಿಕಟ್ಟೆಯ ಉಪ್ಪಿನಾಗರದವರು ಸಮುದ್ರಕ್ಕೆ ಯೂರಿಯಾ ಎರಚಿದ್ದನ್ನು ಕಂಡವರುಂಟೆ? ಉಪ್ಪು ಬೆಳೆಯಲ್ಲ, ಖನಿಜ. ಬೆಲೆ ಮಾತ್ರ ಹುಲುಸಾಗಿ ಬೆಳೆದಿತ್ತು. ಪೊಟ್ಟಣದ ಮೇಲೆ ಎಲೆಯ ಚಿತ್ರಗಳು ನಾಲ್ಕು. ಸಾವಯವ ಆಹಾರದ ಅಧಿಕೃತ ಗುರುತಾದ ‘ಜೈವಿಕ್ ಭಾರತ್’ ಚಿಹ್ನೆ ಎಲ್ಲೂ ಇಲ್ಲ.

“ಇದರಲ್ಲಿ ಕೆಮಿಕಲ್ ಇಲ್ಲ ಸಾರ್” ಎಂದ ಅಂಗಡಿಯ ಹುಡುಗ. ಪಾಪ, ಒಳಗಿದ್ದ ಸೋಡಿಯಂ ಕ್ಲೋರೈಡ್ ಉಸಿರು ಬಿಗಿಹಿಡಿದು ಕುಳಿತಿತ್ತು.

ಮೆಂತ್ಯ ಸೊಪ್ಪು ಕೊಂಡು, ತೊಳೆಯಬೇಕೇ ಎಂದು ಕೇಳಿದೆ. “ಸಾವಯವಕ್ಕೆ ತೊಳೆಯುವುದೇನು ಸಾರ್, ಹಾಗೆಯೇ ತಿನ್ನಬಹುದು.”

2011ರಲ್ಲಿ ಜರ್ಮನಿಯ ಜನರೂ ಹಾಗೆಯೇ ತಿಂದಿದ್ದರು. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಹಬ್ಬಿದಾಗ ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಗೂಬೆ ಕೂರಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಉತ್ತರ ಜರ್ಮನಿಯ ಸಾವಯವ ತೋಟವೊಂದರ ಮೊಳಕೆ ಕಾಳು. ತನಿಖೆ ಬೆರಳು ತೋರಿಸಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದತ್ತ. 50ಕ್ಕೂ ಹೆಚ್ಚು ಜನ ಸತ್ತರು, ಸುಮಾರು 4,000 ಮಂದಿ ಕಾಯಿಲೆ ಬಿದ್ದರು. ಇ. ಕೋಲೈಗೆ ಪ್ರಮಾಣಪತ್ರ ಓದಲು ಬರುವುದಿಲ್ಲ.

ಸಾವಯವದಲ್ಲಿ ಕೀಟನಾಶಕದ ಉಳಿಕೆ ಕಡಿಮೆ, ಅದು ನಿಜ. ಎಂಡೋಸಲ್ಫಾನ್ ಕಂಡ ದಕ್ಷಿಣ ಕನ್ನಡದವರಿಗೆ ಆ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಕೊಳೆರೋಗಕ್ಕೆಂದು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ರಾಸಾಯನಿಕವೇ, ಸಾವಯವ ನಿಯಮಗಳೂ ಅದನ್ನು ಮಿತಿಯೊಳಗೆ ಒಪ್ಪುತ್ತವೆ ಎಂದು ನಾನು ಬಾಯಿಬಿಟ್ಟೆ. ಗರ್ಭಗುಡಿಯಲ್ಲಿ ಆಡುವ ಮಾತಲ್ಲ. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು, “ತಾವು ಯಾವ ಗೊಬ್ಬರದ ಕಂಪನಿಯವರು?” ಎಂದು ಕೇಳಿದರು.

ಹತ್ತು ನಿಮಿಷದ ಮೇಲೆ ಅದೇ ಮಹನೀಯರು ಎದುರಿನ ಗಾಡಿಯ ಮುಂದೆ ಗೋಬಿ ಮಂಚೂರಿ ಸವಿಯುತ್ತಿದ್ದರು. ಅದಕ್ಕೆ ಕೃತಕ ಬಣ್ಣ ಬಳಸಬಾರದೆಂದು ರಾಜ್ಯ ಸರ್ಕಾರ 2024ರಲ್ಲೇ ನಿಷೇಧ ಹೊರಡಿಸಿದೆ. ತಟ್ಟೆಯ ಕೆಂಪು ಆ ಸುದ್ದಿಯನ್ನು ಇನ್ನೂ ಓದಿದಂತಿರಲಿಲ್ಲ. ಕೈಚೀಲದಲ್ಲಿದ್ದ ಸಾವಯವ ಉಪ್ಪು ಅವರನ್ನು ಕಾಯುತ್ತಿತ್ತು.

ಮನೆಯಲ್ಲಿ ಹೆಂಡತಿ ನನ್ನ ಪ್ರವಚನವನ್ನು ಕೇಳಿಸಿಕೊಳ್ಳದೆ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದಳು. ಪಾತ್ರೆಯ ತಳದಲ್ಲಿ ಮಣ್ಣು ನಿಂತಿತು, ಹತ್ತಿರ ಹತ್ತಿರ ಒಂದು ಹಿಡಿ. ಅದಕ್ಕೂ ಸಾವಯವ ದರವನ್ನೇ ತೆತ್ತಿದ್ದೆ. ಚೆಲ್ಲಲು ಮನಸ್ಸಾಗದೆ ತುಳಸಿ ಕಟ್ಟೆಗೆ ಹಾಕಿದೆ.