ವೀರಗಲ್ಲಿನಲ್ಲಿ ಕಾಣದ ಹೆಂಡತಿ

ಬೇಲೂರು ತಾಲ್ಲೂಕಿನ ನಮ್ಮೂರ ಕೆರೆ ಏರಿಯ ಮೇಲೆ ಎರಡು ಕಲ್ಲುಗಳಿವೆ. ವೀರಗಲ್ಲಿನಲ್ಲಿ ಕೆಳಗೆ ಕಾದುತ್ತಿರುವ ಗಂಡಸು, ನಡುವೆ ಅವನ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕುಳಿತ ಅದೇ ಗಂಡಸು. ಪಕ್ಕದ ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು, ಮೇಲೆತ್ತಿದ ಅಂಗೈ, ಕೈತುಂಬ ಬಳೆ, ಅಷ್ಟೇ. ಚಿಕ್ಕಂದಿನಲ್ಲಿ ಅಜ್ಜಿಯ ಹಿಂದೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಅಲ್ಲಿಗೆ ಹೋಗುತ್ತಿದ್ದ ನನಗೆ, ಆ ತೋಳಿಗೆ ಮುಖವೇಕಿಲ್ಲ ಎಂಬ ಪ್ರಶ್ನೆ ಹೊಳೆದದ್ದು ಊರು ಬಿಟ್ಟು ಬರ್ಲಿನ್ ಸೇರಿ ಹದಿನೆಂಟು ವರ್ಷ ಕಳೆದ ಮೇಲೆ.

ಹಾಸನ ಜಿಲ್ಲೆಯ ನಾವು ಯುದ್ಧದ ನೆನಪುಗಳ ನಡುವೆಯೇ ಬೆಳೆದವರು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದೆಂದು ನಾವು ಹೆಮ್ಮೆಪಡುವ ಐದನೆಯ ಶತಮಾನದ ಹಲ್ಮಿಡಿ ಶಾಸನವೂ ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ‘ಬಾಳ್ಗಳ್ಚು’, ಎಂದರೆ ಕತ್ತಿ ತೊಳೆದದ್ದಕ್ಕಾಗಿ ಹಳ್ಳಿಗಳನ್ನು ಕೊಟ್ಟ ದಾನದ ಪತ್ರ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವು, 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ದೊರೆಯ ಅಂಗರಕ್ಷಕ ಕುವರ ಲಕ್ಷ್ಮನೂ ಲಕ್ಷ್ಮನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಕೊಟ್ಟ ಕಥೆಯನ್ನು ಹೇಳುತ್ತದೆ. ಹೀಗೆ ನಮ್ಮ ಕಲ್ಲುಗಳಲ್ಲಿ ಹೆಂಗಸಿಗೆ ಎರಡು ಜಾಗಗಳಿವೆ: ಸತ್ತ ವೀರನಿಗೆ ಸಿಗುವ ಬಹುಮಾನವಾಗಿ ಅಪ್ಸರೆ, ಅವನ ಜೊತೆಯಲ್ಲೇ ಸತ್ತು ಮಾಸ್ತಿ. ಸಾಯದೆ ಉಳಿದು, ಮರುದಿನ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಿ ಮಕ್ಕಳಿಗೆ ಅಂಬಲಿ ಕಾಯಿಸಿದವಳಿಗೆ ಯಾವ ಶಿಲ್ಪಿಯೂ ಒಂದು ಅಂಕಣ ಬಿಡಲಿಲ್ಲ.

ಆದರೂ ಆ ಶಾಸನಗಳ ಭಾಷೆ ನಮ್ಮ ಇಂದಿನ ಭಾಷೆಗಿಂತ ಪ್ರಾಮಾಣಿಕವಾಗಿತ್ತು ಎಂದು ನನಗೆ ಅನಿಸುತ್ತದೆ. ವೀರ ಸತ್ತದ್ದು ಎಲ್ಲಿ ಎಂದು ಹೇಳುವಾಗ ಅವು ತುರುಗೊಳ್, ಊರಳಿವು ಎನ್ನುವಷ್ಟೇ ಸಲೀಸಾಗಿ ಪೆಣ್ಬುಯ್ಯಲ್, ಎಂದರೆ ಹೆಂಗಸರ ಮೊರೆ, ಎನ್ನುತ್ತವೆ, ಪೆಂಡಿರುಡೆಯುರ್ಚು ಎನ್ನುತ್ತವೆ. ದನ ಹೊಡೆದುಕೊಂಡು ಹೋಗುವುದು, ಊರು ಸುಡುವುದು, ಹೆಂಗಸರ ಉಡೆ ಸೆಳೆಯುವುದು ಇವೆಲ್ಲ ಒಂದೇ ದಾಳಿಯ ಭಾಗಗಳೆಂಬುದನ್ನು ಕಲ್ಲು ಕಡೆಯುವವನೂ ಬಲ್ಲವನಾಗಿದ್ದ. ಅಡ್ಡ ನಿಂತು ಸತ್ತವನ ಹೆಸರು ಉಳಿಯಿತು. ಉಡೆ ಸೆಳೆಸಿಕೊಂಡವಳು ಮುಂದೆ ಯಾರ ಮನೆಯಲ್ಲಿ ಹೇಗೆ ಬಾಳಿದಳು ಎಂಬುದು ಮಾತ್ರ ನಾನು ಓದಿದ ಯಾವ ವೀರಗಲ್ಲಿನಲ್ಲೂ ಇಲ್ಲ.

ಬರ್ಲಿನ್ನಿನಲ್ಲಿ ಇದರ ತಿರುವುಮುರುವನ್ನು ಕಂಡೆ. 1945ರ ವಸಂತದಲ್ಲಿ ನಗರವನ್ನು ಹಿಡಿದ ಸೋವಿಯತ್ ಸೈನಿಕರು ಇಲ್ಲಿನ ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳು ಎಲ್ಲರಿಗೂ ಗೊತ್ತಿದ್ದವು. ಆದರೆ ಹಲವು ದಶಕಗಳ ಕಾಲ ಅವುಗಳ ಬಗ್ಗೆ ಬಹಿರಂಗವಾಗಿ ಮಾತನಾಡಿದವರು ಕಡಿಮೆ. ಪೂರ್ವ ಜರ್ಮನಿಯಲ್ಲಿ ಸೋವಿಯತ್ ಸೇನೆ ವಿಮೋಚಕ ಎನಿಸಿಕೊಂಡಿತ್ತು. ಪಶ್ಚಿಮದಲ್ಲಿ, ಸೆರೆಯಿಂದ ಮರಳಿದ ಗಂಡಂದಿರಿಗೆ ಅದನ್ನು ಕೇಳುವ ಮನಸ್ಸಿರಲಿಲ್ಲ. ಇದೇ ದೇಶದ ಸೈನಿಕರು ಪೂರ್ವದ ಹಳ್ಳಿಗಳಲ್ಲಿ ಮಾಡಿಬಂದ ಕೃತ್ಯಗಳ ಲೆಕ್ಕವೂ ಬಾಕಿಯಿದ್ದುದರಿಂದ, ತಮ್ಮ ನೋವನ್ನು ಹೇಳಿಕೊಳ್ಳುವ ಹಕ್ಕು ತಮಗಿದೆಯೇ ಎಂದು ಹೆಂಗಸರೇ ಅಳುಕಿದರು.

ನಗರದ ನಡುವೆ, ಯುದ್ಧಕ್ಕೂ ದಬ್ಬಾಳಿಕೆಗೂ ಬಲಿಯಾದವರ ನೆನಪಿಗೆ ‘ನೋಯೆ ವಾಖೆ’ ಎಂಬ ಸ್ಮಾರಕವಿದೆ. ಸತ್ತ ಮಗನನ್ನು ಮಡಿಲಲ್ಲಿ ಅವಚಿಕೊಂಡ ತಾಯಿಯ ಶಿಲ್ಪವನ್ನು 1993ರಲ್ಲಿ ದೊಡ್ಡದಾಗಿಸಿ ಅಲ್ಲಿ ಇರಿಸಿದರು. ಮೂಲ ಶಿಲ್ಪವನ್ನು ಮಾಡಿದ ಕೇಟೆ ಕೋಲ್ವಿಟ್ಸ್ ತನ್ನ ಮಗ ಪೀಟರನನ್ನು 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಕಳೆದುಕೊಂಡಿದ್ದಳು. ಹದಿನೆಂಟರ ಹುಡುಗ ಸೇನೆಗೆ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು, ತಂದೆ ಒಪ್ಪಿರಲಿಲ್ಲ, ಒಪ್ಪಿಸಿದವಳು ಇದೇ ತಾಯಿ. ವೀರಮಾತೆಯ ಪಾತ್ರವನ್ನು ಹೆಣ್ಣಿನಿಂದ ಆಡಿಸಿ ಆಮೇಲೆ ಅವಳ ಅಳುವನ್ನೇ ಸ್ಮಾರಕ ಮಾಡುವುದು ಯುದ್ಧದ ಹಳೆಯ ಜಾಣತನ. ಇತಿಹಾಸಕಾರ ಕೊಸೆಲೆಕ್ ಈ ಶಿಲ್ಪದ ಆಯ್ಕೆಯನ್ನು ಆಗಲೇ ವಿರೋಧಿಸಿ, ಕೊಲ್ಲಲ್ಪಟ್ಟ ಯಹೂದಿಯರಿಗೂ ಹೆಂಗಸರಿಗೂ ಇದರಲ್ಲಿ ಜಾಗವಿಲ್ಲ ಎಂದು ತಕರಾರು ತೆಗೆದಿದ್ದರು. ಅಳುವ ತಾಯಿಗೆ ಜಾಗವಿದೆ, ಸತ್ತ ಹೆಣ್ಣಿಗೆ ಇಲ್ಲ. ನಮ್ಮ ಕೆರೆ ಏರಿಯ ಮೇಲೆ ಇದೇ ಲೆಕ್ಕ ಉಲ್ಟಾ.

ಎರಡೂ ಕಡೆಯ ರೀತಿಗಳು ಒಂದಾಗುವುದು ಪಿಂಚಣಿಯ ಕಡತದಲ್ಲಿ. ನನ್ನ ಸಣ್ಣತ್ತೆಯ ಗಂಡ 1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯಲ್ಲಿ ತೀರಿಕೊಂಡಾಗ ಆಕೆಗೆ ಇಪ್ಪತ್ತು ವರ್ಷ, ಕಂಕುಳಲ್ಲಿ ಒಂದು ಮಗು. ತಿಂಗಳು ತುಂಬುವ ಮೊದಲೇ ಮನೆಯ ಹಿರಿಯರು ಪಡಸಾಲೆಯಲ್ಲಿ ಸೇರಿ, ಮೈದುನನಿಗೆ ಕೊಟ್ಟು ಕಟ್ಟಿದರೆ ಹುಡುಗಿಯೂ ಮನೆಯಲ್ಲೇ ಉಳಿದಾಳು, ದುಡ್ಡೂ ಮನೆಯಲ್ಲೇ ಉಳಿದೀತು ಎಂದು ಮಾತನಾಡಿಕೊಂಡರಂತೆ. ಹಳ್ಳಿಯವರ ಒರಟುತನ ಎಂದು ನಾನು ಬಹುಕಾಲ ಇದನ್ನು ತಳ್ಳಿಹಾಕಿದ್ದೆ. ಆದರೆ ಸರ್ಕಾರದ ನಿಯಮವೂ ಬೇರೆ ಇರಲಿಲ್ಲ: ಶೌರ್ಯ ಪ್ರಶಸ್ತಿಯ ಜೊತೆ ಬರುವ ಭತ್ಯೆ, ವಿಧವೆ ಮರುಮದುವೆಯಾದರೂ ಮುಂದುವರಿಯಬೇಕಾದರೆ ಆಕೆ ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾಗಬೇಕೆಂಬ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ಪಡಸಾಲೆಯ ಹಿರಿಯರೂ ದಿಲ್ಲಿಯ ಅಧಿಕಾರಿಗಳೂ ಒಂದೇ ಜಗಲಿಯವರು.

ಯುರೋಪಿನವರು ಇದರಲ್ಲಿ ಮುಂದಿದ್ದರು ಎಂದು ಯಾರಾದರೂ ಅಂದುಕೊಂಡರೆ, ನಮ್ಮ ಕಟ್ಟಡದ ಕೆಳಮನೆಯ ಮುದುಕಿಯ ಮಾತು ಕೇಳಬೇಕು. ಆಕೆಯ ತಂದೆ ಯುದ್ಧದಿಂದ ಮರಳಲಿಲ್ಲ. ಆಮೇಲೆ ತಾಯಿಯ ಜೊತೆ ಹನ್ನೆರಡು ವರ್ಷ ಬಾಳಿದ ಗಂಡಸನ್ನು ಈಕೆ ಕೊನೆಯವರೆಗೂ ‘ಅಂಕಲ್’ ಎಂದೇ ಕರೆದಳು. ಮದುವೆಯಾದರೆ ವಿಧವಾ ಪಿಂಚಣಿ ನಿಲ್ಲುತ್ತಿದ್ದುದರಿಂದ 1950ರ ದಶಕದ ಪಶ್ಚಿಮ ಜರ್ಮನಿಯಲ್ಲಿ ಇಂಥ ಸಂಸಾರಗಳು ಎಷ್ಟಿದ್ದವೆಂದರೆ, ಅವಕ್ಕೆ ‘ಅಂಕಲ್ ದಾಂಪತ್ಯ’ ಎಂಬರ್ಥದ ಪದವೇ ಜರ್ಮನ್ ಭಾಷೆಯಲ್ಲಿ ಹುಟ್ಟಿತು. ಪಾದ್ರಿಗಳು ಅದನ್ನು ಅನೀತಿ ಎಂದರು. ಬಾಡಿಗೆ ಕಟ್ಟಬೇಕಾದವಳು ಅದನ್ನು ಅನೀತಿ ಎಂದುಕೊಳ್ಳಲಿಲ್ಲ.

ನಗರದ ಅವಶೇಷಗಳನ್ನು ಬಕೆಟ್ಟುಗಳಲ್ಲಿ ಸಾಗಿಸಿದ ಹೆಂಗಸರನ್ನು ಇಲ್ಲಿ ಪ್ರತಿಮೆ ನಿಲ್ಲಿಸಿ ಹೊಗಳುತ್ತಾರೆ. ಅವರಲ್ಲಿ ಅನೇಕರು ಹೋದದ್ದು ದೇಶ ಕಟ್ಟಲು ಅಲ್ಲ, ರೇಷನ್ ಕಾರ್ಡಿಗಾಗಿ: ಗೃಹಿಣಿಗೆ ಸಿಗುತ್ತಿದ್ದದ್ದು ಎಲ್ಲಕ್ಕಿಂತ ಕೆಳಗಿನ ದರ್ಜೆಯ ಕಾರ್ಡು, ಜನ ಅದನ್ನು ಹಸಿವಿನ ಕಾರ್ಡು ಎನ್ನುತ್ತಿದ್ದರು. ಮನೆಗೆಲಸ ಕೆಲಸವಲ್ಲ ಎಂಬುದನ್ನು ಬ್ರೆಡ್ಡಿನ ತೂಕದಲ್ಲೇ ತೋರಿಸಿದ್ದರು. 1949ರ ಪಶ್ಚಿಮ ಜರ್ಮನಿಯ ಸಂವಿಧಾನದಲ್ಲಿ ಗಂಡು ಹೆಣ್ಣು ಸಮಾನರು ಎಂಬ ಸಾಲು ಸೇರಿಸಲೂ, ಅದನ್ನು ರಚಿಸಿದ 65 ಸದಸ್ಯರ ಸಭೆಯಲ್ಲಿದ್ದ ನಾಲ್ವರು ಹೆಂಗಸರಲ್ಲಿ ಒಬ್ಬಳಾದ ಎಲಿಜಬೆತ್ ಜೆಲ್ಬರ್ಟ್ ಊರೂರು ಸುತ್ತಿ ಹೆಂಗಸರನ್ನು ಎಬ್ಬಿಸಬೇಕಾಯಿತು. ಹೊರಗೆ ದುಡಿಯುವ ಹೆಂಡತಿ ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಂತೆ ದುಡಿಯಬೇಕೆಂಬ ಕಾನೂನು ಹೋಗಲು 1977 ಬರಬೇಕಾಯಿತು.

2022ರ ಮಾರ್ಚಿನಲ್ಲಿ ಉಕ್ರೇನಿನಿಂದ ಬಂದ ರೈಲುಗಳನ್ನು ಎದುರುಗೊಳ್ಳಲು ನಾನೂ ಬರ್ಲಿನ್ನಿನ ಮುಖ್ಯ ನಿಲ್ದಾಣಕ್ಕೆ ಹೋಗಿದ್ದೆ. 18ರಿಂದ 60ರ ಗಂಡಸರು ದೇಶ ಬಿಡುವಂತಿರಲಿಲ್ಲವಾದ್ದರಿಂದ ಇಳಿದವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಒಂಟಿ ಹೆಂಗಸರಿಗೆ ಪುಕ್ಕಟೆ ಕೋಣೆ ಕೊಡುತ್ತೇವೆಂದು ಬಂದು ನಿಂತ ಕೆಲವು ಗಂಡಸರ ಬಗ್ಗೆ ಪೊಲೀಸರೇ ಎಚ್ಚರಿಕೆ ಕೊಟ್ಟಿದ್ದರು. ಸೂಪಿನ ಪಾತ್ರೆ ಹಿಡಿದು ನಿಂತ ನನಗೆ ಆಗ ನೆನಪಾದದ್ದು ಪೆಣ್ಬುಯ್ಯಲ್ ಎಂಬ ಪದ. ಸುತ್ತಲಿನವರಲ್ಲಿ ಯಾರಿಗೂ ಅದನ್ನು ಹೇಳುವಂತಿರಲಿಲ್ಲ.

ಸಣ್ಣತ್ತೆ ಮೈದುನನನ್ನು ಕಟ್ಟಿಕೊಳ್ಳಲಿಲ್ಲ. ಮಗುವನ್ನು ತಾಯಿಯ ಮನೆಯಲ್ಲಿ ಬಿಟ್ಟು ಹಾಸನದಲ್ಲಿ ಟೀಚರ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದಳು. ಈಗ 73 ದಾಟಿದ್ದಾಳೆ. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಬೇಕು. ಈಗ ಅದು ಮೊಬೈಲಿನಲ್ಲೇ ಆಗುತ್ತದೆ. ಹೋದ ಸಲ ನಾನು ಊರಿನಲ್ಲಿದ್ದಾಗ ಮೊಮ್ಮಗ ಅಜ್ಜಿಯನ್ನು ಬೆಳಕಿಗೆ ಕೂರಿಸಿ ಪ್ರಶ್ನೆಗಳನ್ನು ತುಂಬುತ್ತಿದ್ದವನು, ಮರುಮದುವೆ ಆಗಿದೆಯೇ ಎಂಬಲ್ಲಿಗೆ ಬಂದು ನಾಚಿಕೊಂಡು ನಿಂತ. ಅತ್ತೆ ಕನ್ನಡಕ ಸರಿಮಾಡಿಕೊಂಡು, “ಇನ್ನೂ ಇಲ್ಲ ಅಂತ ಒತ್ತಪ್ಪ. ಬರೋ ವರ್ಷ ಮತ್ತೆ ಕೇಳ್ತಾರಲ್ಲ, ಆಗ ನೋಡಾಣ” ಅಂದಳು.