ಕಾಣದ ಸೌಟಿನ ಬಾಡಿಗೆ

ಈ ಸಲದ ಬೀಗರೂಟದ ಲೆಕ್ಕದಲ್ಲೂ ಅದೇ ಸೌಟು ಕಮ್ಮಿ ಬಂತು. ಸಾರಿನ ಸೌಟು, ಉದ್ದ ಹಿಡಿಯದು, ಒಂದು. ಮಂಡ್ಯದ ಕಡೆ ಊರೊಟ್ಟಿನ ಹಳೇ ಚಾವಡಿಯನ್ನು ಮದುವೆಗೋ ತಿಥಿಗೋ ಬಾಡಿಗೆಗೆ ಹಿಡಿದವರಿಗೆಲ್ಲ ಈ ಸೌಟು ಗೊತ್ತು. ಕಣ್ಣಾರೆ ಕಂಡವರು ಮಾತ್ರ ಇಲ್ಲ.

ಚಾವಡಿ ಅಗ್ಗ, ಅದನ್ನು ಅಲ್ಲಗಳೆಯುವಂತಿಲ್ಲ. ಕಟ್ಟಡವೂ ಗಟ್ಟಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಇಂಥ ಚಾವಡಿಗಳಲ್ಲಿ ಜಿಲ್ಲೆಗಿಂತ ವಯಸ್ಸಾದವೂ ಇವೆ. ಸುಣ್ಣದ ಗಾರೆಯ ಗೋಡೆ, ಮರದ ತೊಲೆ, ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದ ಮದರಾಸು ತಾರಸಿ. ಏಪ್ರಿಲ್‌ನಲ್ಲೂ ಒಳಗೆ ತಂಪು. ಇಷ್ಟು ವರ್ಷದ ಮಳೆಗೆ ಜಗ್ಗದ ಈ ಗೋಡೆ ಡೆಕೋರೇಶನ್ ಹುಡುಗರ ಎರಡಿಂಚು ಮೊಳೆಗೆ ಸೋಲುತ್ತಿದೆ. ಸುಣ್ಣದ ಗಾರೆ ಮೆದು. ಮೊಳೆ ಕಿತ್ತರೆ ಜೊತೆಗೆ ಅಂಗೈಯಗಲ ಚಕ್ಕೆ ಬರುತ್ತದೆ. ಅಲ್ಲಿಗೆ ಸಿಮೆಂಟ್ ಮೆತ್ತುತ್ತಾರೆ. ನಾಲೆ ಬಯಲಿನ ಊರಲ್ಲಿ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಸುಣ್ಣವಾದರೆ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ತೇವ ಪಕ್ಕಕ್ಕೆ ಸರಿದು ಸುತ್ತಲ ಗಾರೆ ಉದುರುತ್ತದೆ. ಗೋಡೆ ಹೋಗುತ್ತದೆ, ತೇಪೆ ಉಳಿಯುತ್ತದೆ. ಸುಣ್ಣ ಬಳಿಸಲು ಧನುರ್ಮಾಸದಷ್ಟು ಒಳ್ಳೆಯ ಕಾಲವಿಲ್ಲ: ಮದುವೆಯೂ ಇಲ್ಲ, ಮಳೆಯೂ ಇಲ್ಲ. ನಮ್ಮವರು ಬಳಿಸುವುದು ಆಷಾಢದಲ್ಲಿ, ಗೋಡೆ ಚೆನ್ನಾಗಿ ನೆನೆದ ಮೇಲೆ.

ಕರೆಂಟಿನದು ಚಿಕ್ಕ ಕತೆ. ಐದು ಆಂಪಿಯರ್ ಪ್ಲಗ್ಗಿಗೆ ವರನ ಕಡೆಯವರು ಸ್ನಾನಕ್ಕೆಂದು 2000 ವ್ಯಾಟಿನ ಕಾಯಿಲ್ ಚುಚ್ಚುತ್ತಾರೆ. ಅದು ಎಳೆಯುವುದು ಎಂಟೂಮುಕ್ಕಾಲು ಆಂಪಿಯರ್. ಧಾರೆಯ ಹೊತ್ತಿಗೆ ಕತ್ತಲೆ. ಗಂಡು ತಣ್ಣೀರಲ್ಲೇ ಮಿಂದಿರುತ್ತಾನೆ.

ಈಗ ಸೌಟಿಗೆ ಬರೋಣ. ಐನೂರು ಎಲೆಯ ಬೀಗರೂಟ ಅಂದರೆ ಕೇಜಿಗೆ ಹತ್ತು ಮುದ್ದೆ ಲೆಕ್ಕದಲ್ಲಿ ಐವತ್ತು ಕೇಜಿ ರಾಗಿ ಹಿಟ್ಟು. ಅದಕ್ಕೆ ತಕ್ಕ ದಬರಿ, ತಟ್ಟೆ, ಬಕೆಟ್, ಹಿಟ್ಟಿನ ದೊಣ್ಣೆ ಎಲ್ಲ ಚಾವಡಿಯ ಉಗ್ರಾಣದಿಂದಲೇ ಬರಬೇಕು. ಕೊಡುವಾಗ ಉಗ್ರಾಣದ ಯಜಮಾನರದು ದೊಡ್ಡ ಕೈ: "ತಗಂಡೋಗಿ ಕಣಣ್ಣ, ನಮ್ಮೋರೇ ಅಲ್ವಾ, ಲೆಕ್ಕ ಏನು?" ಲೆಕ್ಕ ಇರುವುದು ವಾಪಸ್ ಮಾಡುವಾಗ. ಮಾಂಸದೂಟ ಉಂಡು ಮನೆಯವರು ಕಣ್ಣು ಬಿಡಲಾರದ ಸಂಜೆ, ಯಜಮಾನರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಉದ್ದನೆ ಪುಸ್ತಕ ತೊಡೆಯ ಮೇಲಿಟ್ಟು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾರೆ. ದೊಡ್ಡ ದಬರಿ ಎರಡು, ಐತೆ. ಮುಚ್ಚಳ ಎರಡು, ಐತೆ, ಒಂದು ಸೊಟ್ಟಗಾಗದೆ. ಬಕೆಟ್ಟು, ಜಾಲರಿ, ಐತೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾರೆ. ಒರೆಸಿದರು ಅಂದರೆ ಸೌಟಿನ ಸರದಿ ಬಂತು.

"ಸಾರಿನ ಸೌಟು ಒಂದು ಕಮ್ಮಿ."

ಮನೆಯವರು ಹುಡುಕುತ್ತಾರೆ. ಎಲೆ ಗುಂಡಿ ಕೆದಕುತ್ತಾರೆ, ಅಡುಗೆ ಭಟ್ಟರ ಚೀಲದ ಮೇಲೆ ಅನುಮಾನ ಬರುತ್ತದೆ, ಹಟ್ಟಿಯಿಂದ ಹಟ್ಟಿಗೆ ಫೋನು ಹೋಗುತ್ತದೆ, ಬೀಗಿತ್ತಿಯರಲ್ಲಿ ಯಾರಾದರೊಬ್ಬರು ಮುನಿಸಿಕೊಳ್ಳುತ್ತಾರೆ. ಕೊನೆಗೆ ಡೆಪಾಸಿಟ್ಟಿನಲ್ಲಿ 200 ರೂಪಾಯಿ ಮುರಿಯುತ್ತದೆ. ಅದೇ ಪುಸ್ತಕದ ಹಿಂದಿನ ಹಾಳೆ ತಿರುವಿದರೆ ಹೋದ ಮದುವೆಯಲ್ಲೂ ಸಾರಿನ ಸೌಟು ಒಂದು ಕಮ್ಮಿ, ಅದರ ಹಿಂದಿನ ನಾಮಕರಣದಲ್ಲೂ ಅಷ್ಟೇ. ಸೌಟು ಎಂದೋ ಹೋಗಿದೆ; ಹೊಸದನ್ನು ತಂದರೆ ವರಮಾನ ನಿಂತೀತು. ಇರುವ ಸೌಟುಗಳು ಸಾರು ಬಡಿಸುತ್ತವೆ, ಇಲ್ಲದ ಸೌಟು ದುಡಿಯುತ್ತದೆ. ಆ ದುಡ್ಡಿನಲ್ಲಿ ಒಂದು ಹದಿನಾರು ಆಂಪಿಯರ್ ಪ್ಲಗ್ಗಾದರೂ ಹಾಕಿಸಬಾರದೇ?

ಆ ದಬರಿಗಳ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಕೊರೆದ ಹೆಸರುಗಳಿವೆ: ಇಂಥವರ ಮಗಳ ಮದುವೆ ಜ್ಞಾಪಕಾರ್ಥ. ಮದುವೆ ಮುಗಿಸಿದವರು ಮುಂದಿನ ಮದುವೆಯವರಿಗಿರಲಿ ಅಂತ ಚಾವಡಿಗೆ ಒಂದು ಪಾತ್ರೆ ಇಟ್ಟು ಹೋಗುತ್ತಿದ್ದರು. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಚುಕ್ಕಿಗಳು ಸವೆದಿವೆ. ಬೆರಳಾಡಿಸಿದರೆ ಮಗಳ ಹೆಸರಿನ ಮೊದಲಕ್ಷರ ಸಿಗುತ್ತದೆ, ಉಳಿದದ್ದು ಸಿಗುವುದಿಲ್ಲ.

ಬಾಡಿಗೆಗೆ ಹಿಡಿಯುವವರು ಪಾತ್ರೆ ಇಳಿಸುವಾಗಲೇ ಸಾಲಾಗಿ ಜೋಡಿಸಿ ಮೊಬೈಲಲ್ಲಿ ಫೋಟೊ ಹೊಡೆದುಕೊಳ್ಳಿ, ಪುಸ್ತಕದಲ್ಲಿ ಯಜಮಾನರ ರುಜು ಹಾಕಿಸಿ. ಹೊಸ ಸೌಟು ತಂದುಕೊಟ್ಟು ಪಾರಾಗುವ ಉಪಾಯ ಮಾತ್ರ ಬೇಡ. ಒಬ್ಬರು ಮೊನ್ನೆ ಸ್ಟೀಲಿನದೇ ತಂದುಕೊಟ್ಟರು. ಯಜಮಾನರು ಬೆಳಕಿಗೆ ಹಿಡಿದು ನೋಡಿ, ಹಾಳೆಯ ಕೆಳಗೆ 'ಹೆಚ್ಚುವರಿ ಸೌಟು ಒಂದು' ಅಂತ ಬರೆದುಕೊಂಡು, 200 ರೂಪಾಯಿಯನ್ನೂ ಮುರಿದುಕೊಂಡರು.

"ಇದು ಬ್ಯಾರೆ ಸೌಟು ಕಣಣ್ಣ. ಕಳದೋಗಿರಾದು ಹಿತ್ತಾಳೇದು."