ನ್ಯಾಸ್ ಪೆಟ್ಟಿಗೆಗಿಂತ ಮೊದಲು ಯುಪಿಎಸ್ ನೋಡ್ರಿ

ಮನೆಮಂದಿಯ ಫೋಟೊ, ಮದುವೆ ವಿಡಿಯೊ, ಅಂಗಡಿ ಲೆಕ್ಕ ಎಲ್ಲ ಒಂದೇ ಕಡೆ ಇರಲಿ ಅಂತ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸೋ ಡಿಸ್ಕ್ ಪೆಟ್ಟಿಗೆ) ಹುಡುಕುವವರು ಕೇಳೋದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ. ಫೋಟೊ ಇಡೋಕೆ ಸಾದಾ ಎರಡು ಡಿಸ್ಕಿನ ಪೆಟ್ಟಿಗೆ ಸಾಕು. ಬಳ್ಳಾರಿ, ರಾಯಚೂರು ಕಡೆ ಡಿಸ್ಕಿನ ಶತ್ರುಗಳು ಬೇರೆ: ಕರೆಂಟು, ಬಿಸಿಲು, ಧೂಳು.

"ಮನೇಲಿ ಇನ್ವರ್ಟರ್ ಐತಲ್ಲ" ಅನ್ನೋರೇ ಜಾಸ್ತಿ. ಸಾದಾ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗೋಷ್ಟರಲ್ಲಿ ನ್ಯಾಸ್ ಆಫ್ ಆಗಿಬಿಡಬಹುದು. ಯುಪಿಎಸ್ ಮೋಡ್‌ಗೆ ಹಾಕಿದರೆ ಆ ತೊಂದರೆ ಕಡಿಮೆ. ಆದರೆ ಬ್ಯಾಟರಿ ಮುಗೀತಾ ಬಂತು ಅಂತ ನ್ಯಾಸಿಗೆ ಹೇಳೋರು ಯಾರು? ಅದಕ್ಕೆ ಯುಎಸ್‌ಬಿ ಡೇಟಾ ಪೋರ್ಟ್ ಇರುವ ಯುಪಿಎಸ್ಸೇ ಬೇಕು. ಅಗ್ಗದ 600 ವಿಎ ಮಾಡೆಲ್‌ಗಳಲ್ಲಿ ಬಹಳಷ್ಟಕ್ಕೆ ಆ ಪೋರ್ಟೇ ಇರಲ್ಲ, ಹಿಂದೆ ತಿರುಗಿಸಿ ನೋಡಿ ತಗೊಳ್ರಿ. ಕರೆಂಟು ಹೋಗಿ ಐದು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗುವಂತೆ ಸೆಟ್ ಮಾಡ್ರಿ. ಬರೆಯೋ ಹೊತ್ತಲ್ಲಿ ಕರೆಂಟು ಹೋದರೆ ಫೈಲ್ ಸಿಸ್ಟಮ್ಮೇ ಕೆಡಬಹುದು.

ಡಿಸ್ಕ್ ಆರಿಸುವಾಗ ಸಿಎಂಆರ್ (ಡೇಟಾ ಬರೆಯೋ ಗೆರೆಗಳು, ಅಂದ್ರೆ ಟ್ರ್ಯಾಕುಗಳು, ಒಂದರ ಪಕ್ಕ ಒಂದು ಬಿಡಿಯಾಗಿರೋದು) ಅಂತ ಬರೆದಿದ್ದನ್ನೇ ಕೇಳ್ರಿ. ಎಸ್‌ಎಂಆರ್ ಡಿಸ್ಕಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರ್ತಾವೆ, ಒಂದನ್ನು ತಿದ್ದೋಕೆ ಪಕ್ಕದವನ್ನೂ ಮತ್ತೆ ಬರೀಬೇಕು. ಹಾಳಾದ ಡಿಸ್ಕ್ ತೆಗೆದು ಹೊಸದು ಹಾಕಿದಾಗ ಇದರಿಂದ ರೈಡ್ (ಡಿಸ್ಕುಗಳ ಜೋಡಣೆ) ಮತ್ತೆ ಕಟ್ಟೋ ಕೆಲಸ ದಿನಗಟ್ಟಲೆ ಎಳೀತೈತಿ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕುಗಳು ಎಸ್‌ಎಂಆರ್ ಅನ್ನೋದು 2020ರಲ್ಲಿ ಹೊರಬಿತ್ತು. ಈಗ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಎರಡೂ ಸಿಎಂಆರ್. 4 ಟಿಬಿಯ ಎರಡು ಡಿಸ್ಕ್ ರೈಡ್ 1ರಲ್ಲಿ (ಎರಡರಲ್ಲೂ ಅದೇ ನಕಲು) ಹಾಕಿದರೆ ಸಿಗೋದು 4 ಟಿಬಿ, ಪರದೆ ಮೇಲೆ ಕಾಣೋದು 3.6. ಮೋಸ ಅಲ್ಲ, ಎಣಿಕೆ ಬೇರೆ ಅಷ್ಟೆ.

ರೈಡ್ ಅಂದ್ರೆ ಬ್ಯಾಕಪ್ ಅಲ್ಲ. ಒಂದು ಡಿಸ್ಕಲ್ಲಿ ಅಳಿಸಿದ ಫೋಟೊ ಅದೇ ಕ್ಷಣ ಇನ್ನೊಂದರಲ್ಲೂ ಅಳಿಸಿ ಹೋಗತೈತಿ. ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ನಕಲು ತೆಗೆದು ಬೇರೆ ಮನೇಲಿ ಇಡ್ರಿ.

ಇನ್ನು ಬಿಸಿಲು. ಮನೆ ನ್ಯಾಸ್‌ಗಳ ಸ್ಪೆಕ್ ಹಾಳೆಯಲ್ಲಿ ಸುತ್ತಲಿನ ಗಾಳಿಗೆ ಸಾಮಾನ್ಯವಾಗಿ 40 ಡಿಗ್ರಿಯೇ ಮಿತಿ. ಮೇ ತಿಂಗಳ ಮಧ್ಯಾಹ್ನ ರಾಯಚೂರಲ್ಲಿ ಆರ್‌ಸಿಸಿ ಚಾವಣಿ ಕೆಳಗಿನ ಕೋಣೆ ಅದನ್ನು ಸುಲಭವಾಗಿ ದಾಟತೈತಿ. ಕೆಳಗಿನ ಮಹಡಿಯ ಒಳಕೋಣೆ ಒಳ್ಳೇದು. ಹಿಂದೆ 10 ಸೆಂ.ಮೀ. ಜಾಗ ಬಿಡ್ರಿ, ಬೀರು ಒಳಗೆ ಬೇಡ, ಧೂಳು ಬೀಳದಿರಲಿ ಅಂತ ಬಟ್ಟೆಯಂತೂ ಹೊದಿಸಬೇಡ್ರಿ. ಫ್ಯಾನ್ 'ಕೂಲ್' ಮೋಡ್‌ನಲ್ಲಿ ಓಡಲಿ, ಡಿಸ್ಕ್ 50 ಡಿಗ್ರಿ ದಾಟಿದರೆ ಫೋನಿಗೆ ಮೆಸೇಜ್ ಬರಲಿ. ಸಂಡೂರಿನ ಕೆಂಧೂಳಿರಲಿ, ಶಕ್ತಿನಗರದ ಬೂದಿಯಿರಲಿ, ತಿಂಗಳಿಗೊಮ್ಮೆ ಆಫ್ ಮಾಡಿ, ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ತೆಗೀರಿ.

ನಿಧಾನ ಅಂತ ನ್ಯಾಸನ್ನ ಬೈಯೋ ಮುಂಚೆ ಕೇಬಲ್ ತುದಿ ನೋಡ್ರಿ. ಎಂಟರಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರೆ ಸಿಗೋದು 100 ಎಂಬಿಪಿಎಸ್: 1 ಟಿಬಿ ತುಂಬೋಕೆ ಇಡೀ ದಿನ. ಎಂಟೂ ಸರಿಯಿದ್ದು ರೌಟರ್ ಗಿಗಾಬಿಟ್ ಆದರೆ ಎರಡೂವರೆ ತಾಸು.

ಹೊರಗಿಂದ ನೋಡೋಕೆ ರೌಟರಲ್ಲಿ ಪೋರ್ಟ್ ತೆರೆಯಬೇಡ್ರಿ. 2022ರಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳನ್ನೇ ಹುಡುಕಿ ಬೀಗ ಹಾಕಿತ್ತು. ಟೇಲ್‌ಸ್ಕೇಲ್ ಅನ್ನೋ ಆ್ಯಪ್ ಹಾಕಿಕೊಂಡರೆ ಸಾಕು, ಪೋರ್ಟ್ ತೆರೆಯದೆ ನಿಮ್ಮ ಫೋನಿಗೂ ನ್ಯಾಸಿಗೂ ಖಾಸಗಿ ದಾರಿ ಸಿಗತೈತಿ.

ಡಿಸ್ಕ್ ಬಂದ ದಿನವೇ ಫೋಟೊ ತುಂಬಬೇಡ್ರಿ. ಮೊದಲು ಡಿಸ್ಕ್ ತನ್ನನ್ನೇ ಪರೀಕ್ಷಿಸಿಕೊಳ್ಳೋ ಸ್ಮಾರ್ಟ್ ಎಕ್ಸ್‌ಟೆಂಡೆಡ್ ಟೆಸ್ಟ್ ರಾತ್ರಿಯಿಡೀ ಓಡಿಸಿ, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗಗಳ ಲೆಕ್ಕ) ಸೊನ್ನೆಗಿಂತ ಜಾಸ್ತಿ ತೋರಿಸಿದರೆ ವಾಪಸ್ ಮಾಡೋ ಗಡುವು ಮುಗಿಯೋದರೊಳಗೆ ಬದಲಾಯಿಸಿಕೊಳ್ರಿ.